ಉಳಿದ ಮದ್ದಿನ ಲೆಕ್ಕ

(ಕೋಲಾರದ ಒಂದು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದುವ ಮಕ್ಕಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅವತ್ತು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯ ಭಾಗ ಭಾಷಣ ಮುಗಿದ ಮೇಲೆ ನಡೆದದ್ದು.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಎಡಗಿವಿ ಮಂದ. ಪ್ರಶ್ನೆ ಕೇಳುವವರು ಈ ಬಲಗಡೆ ಬಂದು ಕೇಳಿ. ಮೂವತ್ತೈದು ವರ್ಷ ಬಂಡೆ ಸಿಡಿಸಿದ್ದಕ್ಕೆ ಸಿಕ್ಕ ಪಿಂಚಣಿ ಇದು. ಬೇರೆ ಪಿಂಚಣಿ ಬರಲಿಲ್ಲ.

ಪರಿಚಯ ಮಾಡಿಕೊಡುವಾಗ ಮೇಷ್ಟ್ರು ನನ್ನನ್ನು ಸ್ಫೋಟಕ ತಜ್ಞ ಅಂದರು. ಕ್ವಾರಿಯಲ್ಲಿ ಯಾರೂ ನನ್ನನ್ನು ಹಾಗೆ ಕರೆದಿಲ್ಲ. ಮದ್ದಿನ ಮೇಸ್ತ್ರಿ ಅನ್ನುತ್ತಿದ್ದರು. ಸರ್ಕಾರದ ಕಾಗದದಲ್ಲಿ ಬ್ಲಾಸ್ಟರ್. ನಮ್ಮ ಮನೆಯವಳು ತವರಿನವರ ಹತ್ತಿರ 'ಕಲ್ಲಿನ ಕೆಲಸ' ಅಂತಷ್ಟೇ ಹೇಳಿದ್ದಳು. ಮದುವೆಯಾಗಿ ಮೂರು ವರ್ಷ ಆಗುವ ತನಕ ಅಳಿಯ ಮದ್ದು ಮುಟ್ಟುವವನು ಅಂತ ನಮ್ಮ ಮಾವನಿಗೆ ಗೊತ್ತೇ ಇರಲಿಲ್ಲ.

ಈ ಮದ್ದು ಅನ್ನುವ ಪದ ನೋಡಿ. ಜ್ವರ ಬಂದರೆ ಕುಡಿಯುವುದೂ ಮದ್ದು, ಬಂಡೆಗೆ ತುಂಬುವುದೂ ಮದ್ದು. ಆಲ್‌ಫ್ರೆಡ್ ನೊಬೆಲ್ ಕನ್ನಡದವನಾಗಿದ್ದರೆ ಈ ಪದ ಕೇಳಿ ನಗುತ್ತಿದ್ದ. ನೈಟ್ರೊಗ್ಲಿಸರಿನ್ ಅನ್ನುವ ಎಣ್ಣೆಯನ್ನು ಒಂದು ಥರದ ಹಗುರ ಮಣ್ಣಿನಲ್ಲಿ ಹೀರಿಸಿ ಡೈನಮೈಟ್ ಮಾಡಿದವನು ಅವನು. ಪೇಟೆಂಟ್ ತೆಗೆದುಕೊಂಡದ್ದು 1867ರಲ್ಲಿ. ವಯಸ್ಸಾದ ಮೇಲೆ ಅವನಿಗೆ ಹೃದಯದ ನೋವು ಬಂತು. ಡಾಕ್ಟರು ಬರೆದುಕೊಟ್ಟ ಔಷಧಿ ಅದೇ ನೈಟ್ರೊಗ್ಲಿಸರಿನ್! ರಕ್ತನಾಳ ಹಿಗ್ಗಿಸುವ ಗುಣ ಅದಕ್ಕಿದೆ. ಇವತ್ತಿಗೂ ಎದೆನೋವಿನವರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಗಳಲ್ಲಿ ಅದು ಇರುತ್ತದೆ.

ಆ ಗುಣ ನಮಗೆ ಬೇರೆ ರೀತಿಯಲ್ಲಿ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದ ಜಿಲೆಟಿನ್ ಕಡ್ಡಿಯಲ್ಲಿ ನೈಟ್ರೊಗ್ಲಿಸರಿನ್ ಇರುತ್ತಿತ್ತು. ಬರಿಗೈಯಲ್ಲಿ ಮುಟ್ಟಿದರೆ ಚರ್ಮದಿಂದಲೇ ಒಳಗೆ ಹೋಗುತ್ತದೆ. ಮೊದಲ ವಾರ ತಲೆ ಸೀಳಿಹೋಗುವಂಥ ನೋವು. ನಾಲ್ಕು ದಿನಕ್ಕೆ ಮೈಗೆ ಅಭ್ಯಾಸವಾಗುತ್ತದೆ. ಭಾನುವಾರ ರಜೆ ಕಳೆದು ಸೋಮವಾರ ಬಂದರೆ ಮತ್ತೆ ಮೊದಲಿನಿಂದ ಶುರು. ಭಾನುವಾರವೂ ಕೆಲಸ ಮಾಡಿದರೆ ವಾಸಿ ಅನ್ನಿಸುತ್ತಿತ್ತು. ನಮ್ಮ ದೇಶದಲ್ಲಿ ಆ ಜಾತಿಯ ಕಡ್ಡಿಗಳು ನಿಂತದ್ದು 2004ರಲ್ಲಿ. ಈಗ ಬರುವುದು ಪ್ಲಾಸ್ಟಿಕ್ ಹೊದಿಕೆಯ ಸ್ಲರಿ, ಎಮಲ್ಷನ್. ಮುಟ್ಟಿದರೆ ತಲೆನೋವಿಲ್ಲ, ಬಿದ್ದರೆ ತಕ್ಷಣ ಸಿಡಿಯುವ ಭಯವೂ ಕಡಿಮೆ. ಪೇಪರಿನವರು ಮಾತ್ರ ಇವತ್ತಿಗೂ ಎಲ್ಲದಕ್ಕೂ ಜಿಲೆಟಿನ್ ಕಡ್ಡಿ ಅಂತಲೇ ಬರೆಯುತ್ತಾರೆ. ಬರೆಯಲಿ ಬಿಡಿ, ನಮ್ಮ ಬಾಯಲ್ಲೂ ಅದೇ ಬರುತ್ತದೆ.

ನಮ್ಮಪ್ಪ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದರು. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದು ಶುರುಮಾಡಿದ ಗಣಿಗಳು ಅವು. 2001ರ ಫೆಬ್ರುವರಿ 28ಕ್ಕೆ ಮುಚ್ಚಿದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಇಳಿದಿತ್ತು. ನಂದಿ ಬೆಟ್ಟ ಸಮುದ್ರಮಟ್ಟದಿಂದ ಒಂದೂವರೆ ಕಿಲೋಮೀಟರ್ ಎತ್ತರ ಇಲ್ಲ. ಅಂಥ ಎರಡು ಬೆಟ್ಟವನ್ನು ತಲೆಕೆಳಗಾಗಿ ನೆಲದೊಳಗೆ ಇಳಿಸಿದರೆ ಎಷ್ಟು ಆಳವೋ ಅದಕ್ಕಿಂತಲೂ ಹೆಚ್ಚು. ಅಲ್ಲಿ ಬಂಡೆಯೇ ಬಿಸಿ. ಕೈ ಇಟ್ಟರೆ ಸುಡುತ್ತದೆ ಅನ್ನುತ್ತಿದ್ದರು ಅಪ್ಪ.

ಆಳದ ಗಣಿಯಲ್ಲಿ ಎರಡು ಥರದ ಸದ್ದು. ಒಂದು ನಾವು ಮಾಡುವ ಸದ್ದು. ಪಾಳಿ ಮುಗಿದು ಜನ ಹೊರಟ ಮೇಲೆ ಮದ್ದು ಸಿಡಿಸುವುದು. ಇನ್ನೊಂದು ಬಂಡೆ ತಾನೇ ಮಾಡುವ ಸದ್ದು. ಮೇಲಿನ ಭಾರ ತಡೆಯಲಾರದೆ ಕಲ್ಲು ಒಡೆದು ಚಿಮ್ಮುತ್ತದೆ. ಪುಸ್ತಕದಲ್ಲಿ ರಾಕ್‌ಬರ್ಸ್ಟ್ ಅಂತ ಓದಿರುತ್ತೀರಿ. ಗಣಿಯ ಹಳಬರು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ದೊಡ್ಡದಾದರೆ ಮೇಲೆ ಮನೆಗಳೂ ನಡುಗುತ್ತಿದ್ದವು. ನಮ್ಮ ಅಡುಗೆಮನೆಯ ಗೂಡಿನಲ್ಲಿ ಸ್ಟೀಲ್ ಲೋಟಗಳು ಸಾಲಾಗಿ ಇರುತ್ತಿದ್ದವು. ಅವು ಕಿಣಿಕಿಣಿ ಅಂದಾಗ ಅಮ್ಮ ಮೊದಲು ಗಡಿಯಾರ ನೋಡುವರು. ಮದ್ದು ಹೊಡೆಯುವ ಹೊತ್ತಾಗಿದ್ದರೆ ರೊಟ್ಟಿ ತಟ್ಟುವುದು ಮುಂದುವರಿಯುತ್ತಿತ್ತು. ಹೊತ್ತಲ್ಲದ ಹೊತ್ತಾಗಿದ್ದರೆ ಒಲೆ ಮೇಲಿನ ಹೆಂಚು ಇಳಿಸಿ ಬೀದಿಗೆ ಹೋಗುವರು. ಬೀದಿಯ ತುಂಬ ಹೆಂಗಸರು ನಿಂತಿರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸದ್ದಿಗೆ ಒಂದು ಹೊತ್ತು ಇರಬೇಕು ಅನ್ನುವುದು ನನಗೆ ಅಲ್ಲೇ ತಲೆಗೆ ಹೋಯಿತು.

ಅಪ್ಪ ನನ್ನನ್ನು ಗಣಿಗೆ ಸೇರಿಸಲಿಲ್ಲ. ಧೂಳಿನಿಂದ ಅವರ ಶ್ವಾಸಕೋಶ ಕೆಟ್ಟಿತ್ತು. ಸಿಲಿಕೋಸಿಸ್. ಮಗ ಮೇಲೆ ಗಾಳಿಯಲ್ಲಿ ಇರಲಿ ಅಂದರು. ನಾನು ಹೋಗಿ ಬಾವಿ ತೋಡುವ ಗುಂಪಿಗೆ ಸೇರಿಕೊಂಡೆ. ಮೇಲಿನ ಗಾಳಿ ಎಷ್ಟು ದಿನ ಸಿಕ್ಕಿತು ನೋಡಿ!

ನಿಮಗೆ ಈಗ ಬಾವಿ ಅಂದರೆ ಬೋರ್‌ವೆಲ್. ಸಾವಿರ ಅಡಿ, ಸಾವಿರದೈನೂರು ಅಡಿ ಅನ್ನುತ್ತೀರಿ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಎಲ್ಲಿ ನೋಡಿದರೂ ತೆರೆದ ಬಾವಿ. ಮೊದಲು ಮಣ್ಣು, ಆಮೇಲೆ ಗರಸು, ಆಮೇಲೆ ಬಂಡೆ. ಬಂಡೆ ಬಂದ ಮೇಲೆ ನಮ್ಮನ್ನು ಕರೆಯುತ್ತಿದ್ದರು. ಒಬ್ಬ ಉಕ್ಕಿನ ಸಲಾಕೆ ಹಿಡಿದು ಕೂರಬೇಕು. ಇಬ್ಬರು ಸಮ್ಮಟಿಯಲ್ಲಿ ಹೊಡೆಯಬೇಕು. ಏಟಿಗೊಂದು ಸಲ ಸಲಾಕೆ ತಿರುಗಿಸದಿದ್ದರೆ ಅದು ಕಚ್ಚಿಕೊಳ್ಳುತ್ತದೆ. ಎರಡು ಅಡಿ ಕುಳಿಗೆ ಅರ್ಧ ದಿನ. ಕಂಪ್ರೆಸರ್ ಬಂದದ್ದು ಆಮೇಲೆ.

ಕುಳಿಗೆ ಮದ್ದು, ಆ ಮದ್ದನ್ನು ಸಿಡಿಸುವ ಪುಟ್ಟ ಲೋಹದ ಕೊಳವೆ ಕೇಪು, ಅದಕ್ಕೆ ಬೆಂಕಿ ಮುಟ್ಟಿಸುವ ಬತ್ತಿ. ಈ ಬತ್ತಿಯ ಕಥೆ ಒಂದಿದೆ. 1831ರ ತನಕ ಗಣಿಯವರು ಹುಲ್ಲಿನ ಕಡ್ಡಿಗೋ ಹಕ್ಕಿಯ ಗರಿಗೋ ಕರಿಮದ್ದು ತುಂಬಿ ಹಚ್ಚುತ್ತಿದ್ದರು. ಅದು ಒಮ್ಮೆ ನಿಧಾನ, ಒಮ್ಮೆ ಬೇಗ. ಓಡುವಷ್ಟು ಹೊತ್ತು ಸಿಗುತ್ತದೋ ಇಲ್ಲವೋ ಹೇಳುವವರಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫೋರ್ಡ್ ಅನ್ನುವ ಚರ್ಮದ ವ್ಯಾಪಾರಿ ಹಗ್ಗ ಹೊಸೆಯುವುದನ್ನು ನೋಡಿ, ಹಗ್ಗದ ಹೊಟ್ಟೆಯೊಳಗೇ ಮದ್ದು ಸೇರಿಸಿ ಹೊಸೆದ. ಒಂದೇ ವೇಗದಲ್ಲಿ ಉರಿಯುವ ಬತ್ತಿ ಆಯಿತು. ಅಡಿಗೆ ಅರ್ಧ ನಿಮಿಷ ಅಂತ ನಾವು ಅಂದಾಜು ಇಟ್ಟುಕೊಂಡಿದ್ದೆವು. ಆದರೂ ಹೊಸ ಸುರುಳಿ ಬಿಚ್ಚಿದ ದಿನ ಒಂದು ತುಂಡು ಕತ್ತರಿಸಿ, ಹಚ್ಚಿ, ಗಡಿಯಾರ ನೋಡದೆ ಕೆಲಸ ಶುರುಮಾಡುತ್ತಿರಲಿಲ್ಲ. ಅದೇ ಕಾರ್ನ್‌ವಾಲ್‌ನ ಗಣಿಗಾರರು ಮುಂದೆ ಕೋಲಾರಕ್ಕೂ ಬಂದರು.

ಬಾವಿಯೊಳಗೆ ಐದು ಬತ್ತಿ ಹಚ್ಚಿ ಹಗ್ಗ ಹಿಡಿದು ಎರಡು ಸಲ ಎಳೆದರೆ ಮೇಲಿನ ಇಬ್ಬರು ರಾಟೆಯಲ್ಲಿ ಎತ್ತಬೇಕು. ಆ ಇಬ್ಬರು ಒಡಹುಟ್ಟಿದವರಿಗಿಂತ ಹತ್ತಿರದವರು. ಅವರ ಜೊತೆ ಹಿಂದಿನ ದಿನ ಜಗಳ ಆಡಿರಬಾರದು, ಅಷ್ಟೇ.

ಸಿಡಿದ ಮೇಲೆ ಬಾವಿಯ ದೊಡ್ಡ ಶತ್ರು ಹೊಗೆ. ಹಳಬರು ಲಾಟೀನು ಇಳಿಸಿ ನೋಡುತ್ತಿದ್ದರು. ದೀಪ ಆರದಿದ್ದರೆ ಇಳಿಯಬಹುದು ಅಂತ. ಇದು ಅರ್ಧ ಸತ್ಯ. ಉಸಿರಾಡುವ ಗಾಳಿ ಕಡಿಮೆಯಾಗಿದ್ದರೆ ದೀಪ ಆರುತ್ತದೆ, ನಿಜ. ಆದರೆ ಮದ್ದಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ದೀಪ ಚೆನ್ನಾಗಿ ಉರಿಯುತ್ತಿರುತ್ತದೆ, ಮನುಷ್ಯ ಬೀಳುತ್ತಾನೆ. ನಾವು ಸೊಪ್ಪಿನ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ ಗಾಳಿ ಆಡಿಸುತ್ತಿದ್ದೆವು. ಆಮೇಲೂ ರಾತ್ರಿ ಕಳೆದು ಬೆಳಿಗ್ಗೆಯೇ ಇಳಿಯುತ್ತಿದ್ದದ್ದು. ರೈತ ಬೇಗ ಬೇಗ ಅನ್ನುತ್ತಿದ್ದ. ಅವನ ಅವಸರ ಅವನಿಗೆ.

ಒಂದು ವಿಷಯ ಆಗ ನಾವು ಯೋಚಿಸಲಿಲ್ಲ. ಬಾವಿ ಮುಗಿದ ಮೇಲೆ ಉಳಿದ ಕಡ್ಡಿ, ಕೇಪು ಎಲ್ಲಿಗೆ ಹೋಗುತ್ತಿತ್ತು? ಮುಂದಿನ ವರ್ಷ ಇನ್ನೊಂದು ಮಟ್ಟು ಆಳ ಮಾಡಬೇಕಾದರೆ ಇರಲಿ ಅಂತ ರೈತ ಇಟ್ಟುಕೊಳ್ಳುತ್ತಿದ್ದ. ನಾವೂ ಸುಮ್ನೆ ಬಿಟ್ಟು ಬರುತ್ತಿದ್ದೆವು.

ಆಮೇಲೆ ಬಾವಿಗಳು ಬತ್ತಿದವು, ನಾನು ಕ್ವಾರಿಗೆ ಬಂದೆ. ಮಾಲೂರು, ಚಿಕ್ಕಬಳ್ಳಾಪುರ, ಕೊನೆಗೆ ತುಮಕೂರು ಕಡೆ. ಪರೀಕ್ಷೆ ಬರೆದು ಗಣಿ ಸುರಕ್ಷತಾ ನಿರ್ದೇಶನಾಲಯದ ಬ್ಲಾಸ್ಟರ್ ಸರ್ಟಿಫಿಕೇಟ್ ತೆಗೆದುಕೊಂಡೆ. ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಕಲ್ಲಿನ ಕೆಲಸವೆಲ್ಲ ಸಿಡಿಸುವ ಕೆಲಸ ಅಲ್ಲ. ನಮ್ಮ ಕಡೆಯ ಚಪ್ಪಡಿ, ದ್ರಾಕ್ಷಿ ತೋಟಕ್ಕೆ ನೆಡುವ ಕಲ್ಲುಕೂಚ, ಇವನ್ನು ಮದ್ದಿಟ್ಟು ತೆಗೆಯಲು ಹೋದರೆ ಕಲ್ಲು ಬಿರುಕು ಬಿಟ್ಟು ಹಾಳಾಗುತ್ತದೆ. ಹಿಂದಿನವರು ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತಾ, ಪದರ ಎದ್ದ ಸದ್ದು ಕೇಳಿ ಚಪ್ಪಡಿ ಬಿಡಿಸುತ್ತಿದ್ದರು. ಆಮೇಲೆ ಉಳಿ ಸಾಲು ಹೊಡೆದು ಸೀಳುವುದು. ಅವರ ಕೈಚಳಕ ನನಗಿಲ್ಲ. ಗ್ರಾನೈಟ್ ದಿಮ್ಮಿಗೆ ಈಗ ವಜ್ರದ ಹರಳು ಪೋಣಿಸಿದ ತಂತಿಯ ಗರಗಸ ಬಂದಿದೆ. ನಾವು ಬೇಕಾಗಿರುವುದು ಜಲ್ಲಿಗೆ. ಬಂಡೆ ಪುಡಿಯಾಗಿ ಕ್ರಷರ್ ಬಾಯಿಗೆ ಹೋಗಬೇಕು.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಕೆಎಸ್‌ಆರ್‌ಟಿಸಿ ಬಸ್ಸು ತುಂಬಿದೆ ಅಂದುಕೊಳ್ಳಿ. ಕೋಲಾರ ಬಸ್‌ಸ್ಟ್ಯಾಂಡ್ ಬಂತು. ಬಾಗಿಲ ಹತ್ತಿರದವರು ಮೊದಲು ಇಳಿಯಬೇಕು. ಅವರು ಇಳಿದರೆ ಹಿಂದಿನವರಿಗೆ ಜಾಗ. ಎಲ್ಲರೂ ಒಂದೇ ಸಲ ನುಗ್ಗಿದರೆ ಯಾರೂ ಇಳಿಯಲ್ಲ, ಬಸ್ಸು ಮಾತ್ರ ಅಲ್ಲಾಡುತ್ತದೆ. ಬಂಡೆಯೂ ಹಾಗೇ. ತೆರೆದ ಮುಖದ ಹತ್ತಿರದ ಸಾಲು ಮೊದಲು ಸಿಡಿಯಬೇಕು, ಅದು ಜರುಗಿದ ಮೇಲೆ ಹಿಂದಿನ ಸಾಲು. ನಡುವೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಇಷ್ಟು ಅಂತ ಲೆಕ್ಕ. 17, 25, 42 ಮಿಲಿಸೆಕೆಂಡ್ ಅಂತ ಬೇರೆ ಬೇರೆ ಬರುತ್ತವೆ. ಊರಿನವರಿಗೆ ಒಂದೇ ಢಂ ಅಂತ ಕೇಳಿಸುವುದು ನಿಜವಾಗಿ ಒಂದರ ಹಿಂದೆ ಒಂದು ಬಂದ ಹತ್ತಾರು ಸದ್ದು.

ಮುಂದಿನ ಕಲ್ಲಿಗೆ ಜರುಗಲು ಜಾಗ ಇಲ್ಲದಿದ್ದರೆ ಮದ್ದಿನ ಶಕ್ತಿ ಎಲ್ಲಿ ಹೋಗಬೇಕು? ನೆಲದೊಳಗೆ ಹೋಗುತ್ತದೆ. ಊರಿನ ಗೋಡೆ ಅಲ್ಲಾಡುತ್ತದೆ. ಅಥವಾ ಕುಳಿಯ ಬಾಯಿಂದ ಮೇಲಕ್ಕೆ ಹೋಗುತ್ತದೆ, ಕಲ್ಲು ಹಾರುತ್ತದೆ. ಅದಕ್ಕೇ ಕುಳಿಯ ಬಾಯಿ ಕಟ್ಟುವುದು ಅಷ್ಟು ಮುಖ್ಯ. ಜಿಗುಟು ಮಣ್ಣೋ ಸಣ್ಣ ಚಿಪ್ಸೋ ತುಂಬಿ ಮರದ ಕೋಲಿನಲ್ಲಿ ಒತ್ತಬೇಕು. ಮರದ ಕೋಲು! ಕಬ್ಬಿಣದ ಸಲಾಕೆ ತೆಗೆದುಕೊಂಡವನನ್ನು ನಾನು ಅವತ್ತೇ ಮನೆಗೆ ಕಳಿಸಿದ್ದೇನೆ. ಅರ್ಧ ಗಂಟೆ ಉಳಿಸಲು ಬಾಯಿ ಸರಿಯಾಗಿ ಕಟ್ಟದೆ ಹೋದ ಒಂದು ದಿನ ನನ್ನದೂ ಇದೆ. ಮುಷ್ಟಿಗಿಂತ ದೊಡ್ಡ ಕಲ್ಲು ಹಾರಿ ಒಬ್ಬರ ದನದ ಕೊಟ್ಟಿಗೆಯ ಶೀಟು ತೂತು ಮಾಡಿ ಗೊಂತಿನಲ್ಲಿ ಬಿತ್ತು. ಹಸು ಮೇಯಲು ಹೋಗಿತ್ತು. ಆ ಮನೆಯ ಅಮ್ಮ ಕಲ್ಲನ್ನು ತಂದು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. 'ನಿಮ್ದೇ ಅಲ್ವಾಪ್ಪಾ, ಇಟ್ಕೊಳ್ಳಿ' ಅಂದರು. ಆ ಕಲ್ಲು ಈಗಲೂ ನಮ್ಮ ಮನೆ ಬಾಗಿಲಿಗೆ ಒತ್ತು ಕೊಟ್ಟಿದೆ. ಅವತ್ತಿನಿಂದ ಅರ್ಧ ಕಿಲೋಮೀಟರ್ ಸುತ್ತ ಜನ, ದನ ಎರಡನ್ನೂ ಹೊರಗೆ ಕಳಿಸದೆ ಸೈರನ್ ಒತ್ತಿಲ್ಲ.

ಈಗ ನಾನು ಹೇಳಬೇಕು ಅಂತ ಬಂದ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ನೀವು ನೋಡುವುದು ಸಿಡಿಯುವ ಕ್ಷಣ. ನಮ್ಮ ಕೆಲಸದಲ್ಲಿ ಆ ಕ್ಷಣ ಸುಲಭದ್ದು. ಎಲ್ಲರೂ ದೂರ ಇದ್ದಾರೆ, ನೀವೂ ಮರೆಯಲ್ಲಿ ಇದ್ದೀರಿ. ಕಷ್ಟ ಇರುವುದು ಅದಾದ ಮೇಲೆ. ಏನು ಸಿಡಿಯಿತು, ಏನು ಉಳಿಯಿತು?

1991ರ ಬೇಸಿಗೆ. ಕ್ವಾರಿ ಯಾವುದು ಅಂತ ಬೇಡ. ಇನ್ನೂ ಬತ್ತಿ ಹಚ್ಚುವ ಕಾಲ. ಹದಿನಾಲ್ಕು ಕುಳಿ. ಮರೆಯಲ್ಲಿ ಕೂತು ಬೆರಳು ಮಡಚಿ ಎಣಿಸಿದೆ. ಹದಿಮೂರು ಸದ್ದು. ಪಕ್ಕದಲ್ಲಿದ್ದ ಹುಡುಗ ಹದಿನಾಲ್ಕು ಅಂದ. ಕೆಳಗೆ ಏಳು ಟಿಪ್ಪರ್ ನಿಂತಿವೆ. ಮಾಲೀಕರ ಕಡೆಯವನು ಬಂದು, 'ಎರಡು ಒಟ್ಟಿಗೆ ಆಗಿರ್ತದೆ ಮೇಸ್ತ್ರಿ, ಬಿಡಿ' ಅಂದ. ಆಗಿರಬಹುದು. ಹಾಗೆ ಎಷ್ಟೋ ಸಲ ಆಗಿದೆ. ಆದರೆ ಆಗಿರಬಹುದು ಅನ್ನುವುದು ಲೆಕ್ಕ ಅಲ್ಲ. ಅರ್ಧ ಗಂಟೆ ಯಾರೂ ಇಳಿಯಬಾರದು ಅಂದೆ. ಬತ್ತಿ ಒಳಗೆ ನಿಧಾನಕ್ಕೆ ಉರಿಯುತ್ತಾ ಇರಬಹುದು, ತಡವಾಗಿ ಸಿಡಿಯಬಹುದು.

ಅರ್ಧ ಗಂಟೆ ಅಂದರೆ ಎಷ್ಟು ಉದ್ದ ಗೊತ್ತಾ? ಏಳು ಟಿಪ್ಪರ್ ಡ್ರೈವರುಗಳು ನಿಮ್ಮನ್ನೇ ನೋಡುತ್ತಿದ್ದರೆ ಇನ್ನೂ ಉದ್ದ. ಒಬ್ಬ ಹಾರನ್ ಒತ್ತುತ್ತಾನೆ. ಒಬ್ಬ ಕೆಳಗಿಳಿದು ಬೀಡಿ ತೆಗೆಯುತ್ತಾನೆ, ಅವನಿಗೆ ಒಂದು ಬೈಗುಳ. ಆಮೇಲೆ ನಾನೊಬ್ಬನೇ ಹೋದೆ. ಬಲಗಡೆ ಮೂಲೆಯಲ್ಲಿ ಕಲ್ಲು ಜರುಗಿರಲಿಲ್ಲ. ಕುಳಿಯ ಬಾಯಿ ಹಾಗೇ ಇದೆ, ಬತ್ತಿ ಕಿತ್ತುಹೋಗಿದೆ. ಪಕ್ಕದ ಕುಳಿ ಸಿಡಿದಾಗ ಇದರ ಬತ್ತಿಯನ್ನು ಕತ್ತರಿಸಿಕೊಂಡು ಹೋಗಿದೆ. ಮದ್ದು, ಕೇಪು ಒಳಗೆ.

ಇಂಥ ಕುಳಿಗೆ ಏನು ಮಾಡಬೇಕು ಅಂತ ನಿಯಮ ಇದೆ. ಅದನ್ನು ಕೆದಕಬಾರದು, ಎಳೆಯಬಾರದು. ಪಕ್ಕದಲ್ಲಿ, ನಿಯಮ ಹೇಳಿದಷ್ಟು ಅಂತರ ಬಿಟ್ಟು, ಅದಕ್ಕೆ ಸಮಾನವಾಗಿ ಇನ್ನೊಂದು ಕುಳಿ ಹೊಡೆದು ಸಿಡಿಸಬೇಕು. ಡ್ರಿಲ್ ಹುಡುಗ ಏನು ಮಾಡಲು ಹೊರಟ ಗೊತ್ತಾ? ಹಳೇ ಕುಳಿಗೇ ರಾಡ್ ಇಡಲು ಹೋದ. ಬಾಯಿ ತಯಾರಿದೆಯಲ್ಲ, ಹೊಸದು ಯಾಕೆ ಅಂತ. ಹೀಗೇ ಆಗುತ್ತದೆ. ಸಿಡಿದ ಕುಳಿಯ ತಳದಲ್ಲಿ ಉಳಿಯುವ ಗುಂಡಿಗೆ ನಾವು ಸಾಕೆಟ್ ಅನ್ನುತ್ತೇವೆ. ಅದರಲ್ಲೂ ಮತ್ತೆ ಡ್ರಿಲ್ ಇಡಬಾರದು, ತಳದಲ್ಲಿ ಒಂದು ಚೂರು ಮದ್ದು ಉಳಿದಿದ್ದರೆ ಸಾಕು. ನನ್ನ ಜೊತೆ ಕೆಲಸ ಕಲಿತ ಒಬ್ಬ ಹಾಗೆ ಸಾಕೆಟ್‌ಗೆ ರಾಡ್ ಇಟ್ಟು ಒಂದು ಕಣ್ಣು, ಎರಡು ಬೆರಳು ಕಳಕೊಂಡ. ಉಳಿದದ್ದಕ್ಕೆ ಅವನು ದೇವರಿಗೆ ಹರಕೆ ತೀರಿಸಿದ.

ಅವತ್ತು ಪಕ್ಕದ ಕುಳಿ ಹೊಡೆದು ಸಿಡಿಸಿದೆವು. ಆಮೇಲೆ ಕಲ್ಲಿನ ರಾಶಿಯನ್ನು ಕೈಯಲ್ಲಿ ಜಾಲಾಡಿದೆವು. ಸಿಡಿಯದ ಅರ್ಧ ಕಡ್ಡಿ ಸಿಕ್ಕಿತು. ಟಿಪ್ಪರುಗಳು ಮೂರು ಗಂಟೆ ತಡವಾಗಿ ಹೋದವು. ಮುಂದಿನ ವಾರ ನನಗೆ ಕೆಲಸ ಇಲ್ಲ ಅಂದರು. ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ.

ಮೇಷ್ಟ್ರೇ, ಇದನ್ನು ಮಕ್ಕಳಿಗೆ ಬರೆಸಿ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಒಂದು ಸಾಲು ಇದೆ. ಸಿಡಿಸಿ ತೆಗೆದ ಕಲ್ಲಿನ ಲೆಕ್ಕದ ಮೇಲೆ ಕೂಲಿ ಪಡೆಯುವವನನ್ನು ಬ್ಲಾಸ್ಟರ್ ಕೆಲಸಕ್ಕೆ ಇಡಬಾರದು ಅಂತ. ಬರೆದವರಿಗೆ ಮನುಷ್ಯನ ಮನಸ್ಸು ಗೊತ್ತಿತ್ತು. ಟನ್ನಿಗೆ ಇಷ್ಟು ಅಂತ ಕೊಟ್ಟರೆ ಯಾರು ಅರ್ಧ ಗಂಟೆ ಕಾಯುತ್ತಾರೆ? ನಾಳೆ ನೀವು ಸೂಪರ್‌ವೈಸರ್ ಆಗಿ ಹೋದಾಗ ಮೊದಲು ಕೇಳಬೇಕಾದ್ದು ಮದ್ದಿನ ಬ್ರ್ಯಾಂಡ್ ಅಲ್ಲ. ಮೇಸ್ತ್ರಿಗೆ ಸಂಬಳ ಹೇಗೆ ಕೊಡುತ್ತೀರಿ ಅಂತ ಕೇಳಿ.

ಗೋಡೆ ಬಿರುಕಿನ ಜಗಳದ ಬಗ್ಗೆ ಒಂದೆರಡು ಮಾತು, ಯಾಕೆಂದರೆ ನಿಮ್ಮಲ್ಲಿ ಅರ್ಧ ಜನ ಕ್ವಾರಿ ಪಕ್ಕದ ಊರಿನವರು. ನೆಲದ ಅದುರನ್ನು ಅಳೆಯುವ ಯಂತ್ರ ಇದೆ. ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ನೆಲ ಅಲ್ಲಾಡಿತು ಅಂತ ಹೇಳುತ್ತದೆ. ಸುರಕ್ಷತಾ ನಿರ್ದೇಶನಾಲಯ 1997ರಲ್ಲಿ ಮಿತಿ ಹಾಕಿದೆ. ಊರಿನ ಮನೆಗಳಿಗೆ, ಅದುರು ನಿಧಾನದ್ದಾಗಿದ್ದರೆ, ಅಂದರೆ 8 ಹರ್ಟ್ಜ್‌ಗಿಂತ ಕಡಿಮೆ ಇದ್ದರೆ, 5 ಮಿಲಿಮೀಟರ್. ವೇಗದ ಅದುರಾದರೆ 15ರ ತನಕ ಹೋಗಬಹುದು. ಹಳೇ ದೇವಸ್ಥಾನದಂಥ ಕಟ್ಟಡಕ್ಕೆ ನಿಧಾನದ ಅದುರಿನಲ್ಲಿ ಬರೀ 2. ಮನುಷ್ಯನ ಮೈಗೆ ಈ ಮಿತಿಗಿಂತ ತುಂಬ ಕಡಿಮೆ ಅದುರೂ ಗೊತ್ತಾಗುತ್ತದೆ. ಹಾಗಾಗಿ ಊರಿನವರು ಸುಳ್ಳು ಹೇಳುವುದಿಲ್ಲ, ಅವರಿಗೆ ನಿಜವಾಗಿ ಅದುರಿದೆ. ಕ್ವಾರಿಯವನು ನಮ್ಮಿಂದಲ್ಲ ಅನ್ನುತ್ತಾನೆ, ಅದೂ ಕೆಲವು ಸಲ ನಿಜ. ಕಪ್ಪು ಮಣ್ಣಿನ ಪಾಯ ಬೇಸಿಗೆಯಲ್ಲಿ ತಾನೇ ಬಿರಿಯುತ್ತದೆ. ಜಗಳಕ್ಕೆ ಮುಂಚೆ ಬಿರುಕಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಹರಿದರೆ ಬಿರುಕು ಬೆಳೆಯುತ್ತಿದೆ ಅಂತ ಅರ್ಥ. ನಾನು ಮಾಲೀಕರಿಗೆ ತಿಳಿಸದೆ ಎಷ್ಟೋ ಮನೆಯಲ್ಲಿ ಅಂಟಿಸಿ ಬಂದಿದ್ದೇನೆ.

ಕಟ್ಟಡ ಬೀಳಿಸುವ ಬಗ್ಗೆ ಹೇಳಿ ಅಂತ ಚೀಟಿ ಬಂದಿದೆ. ಆ ಕೆಲಸ ನಾನು ಮಾಡಿಲ್ಲ, ಟಿವಿಯಲ್ಲಿ ನೋಡಿದ್ದೇ ಹೆಚ್ಚು. ಕೊಚ್ಚಿಯ ಮರಡಿನಲ್ಲಿ 2020ರ ಜನವರಿಯಲ್ಲಿ ಎರಡು ದಿನ ಅಪಾರ್ಟ್‌ಮೆಂಟ್‌ಗಳನ್ನು ಉರುಳಿಸಿದರು. ನೋಯ್ಡಾದಲ್ಲಿ 2022ರ ಆಗಸ್ಟ್ 28ಕ್ಕೆ ಸುಮಾರು ನೂರು ಮೀಟರ್ ಎತ್ತರದ ಅವಳಿ ಗೋಪುರ. ಮದ್ದು ಸುಮಾರು 3,700 ಕಿಲೋ, ಬಿದ್ದದ್ದು ಹತ್ತು ಸೆಕೆಂಡಿನೊಳಗೆ. ಅಲ್ಲಿ ಮದ್ದು ಕಟ್ಟಡವನ್ನು ಪುಡಿ ಮಾಡುವುದಿಲ್ಲ. ಕಂಬದ ಮೊಣಕಾಲು ಮುರಿಯುತ್ತದೆ, ಬೀಳಿಸುವುದು ಕಟ್ಟಡದ ತೂಕವೇ. ತಿಂಗಳುಗಟ್ಟಲೆ ತಯಾರಿ, ಹತ್ತು ಸೆಕೆಂಡ್ ಕೆಲಸ. ಆಮೇಲೆ ಆ ರಾಶಿಯೊಳಗೆ ಸಿಡಿಯದ್ದು ಏನಾದರೂ ಇದೆಯಾ ಅಂತ ಹುಡುಕುವವರನ್ನು ಟಿವಿಯವರು ತೋರಿಸಲಿಲ್ಲ. ನಾನು ಕಾದು ಕೂತಿದ್ದು ಅವರನ್ನು ನೋಡಲು.

ಇನ್ನು ನಮ್ಮ ಪಕ್ಕದ ಜಿಲ್ಲೆಯ ಮಾತು. 2021ರ ಫೆಬ್ರುವರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ. ಮಧ್ಯರಾತ್ರಿ ಕಳೆದ ಹೊತ್ತು. ಮದ್ದು ಸಿಡಿದು ಆರು ಜನ ಹೋದರು. ಅದಕ್ಕೆ ಒಂದು ತಿಂಗಳ ಹಿಂದೆ ಶಿವಮೊಗ್ಗದ ಹುಣಸೋಡಿನಲ್ಲೂ ಸ್ಫೋಟ ಆಗಿತ್ತು. ಹಿರೇನಾಗವಲ್ಲಿಯಲ್ಲಿ ಬಂಡೆ ಸಿಡಿಸುತ್ತಿರಲಿಲ್ಲ. ಅಕ್ರಮವಾಗಿ ಇಟ್ಟಿದ್ದ ಮದ್ದನ್ನು ಕತ್ತಲಲ್ಲಿ ಎಲ್ಲೋ ಇಲ್ಲವಾಗಿಸಲು ಹೋಗಿದ್ದರು ಅಂತ ಆಗ ವರದಿಯಾಯಿತು. ಬೆಳಿಗ್ಗೆ ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಮದ್ದಿನ ಮನೆಗೆ ಎರಡು ಪುಸ್ತಕ ಇರುತ್ತದೆ, ಬಂದದ್ದು ಒಂದರಲ್ಲಿ, ಖರ್ಚಾದದ್ದು ಒಂದರಲ್ಲಿ. ಸಂಜೆ ಉಳಿದದ್ದನ್ನು ಎಣಿಸಿ ವಾಪಸ್ ಇಟ್ಟು ಬೀಗ ಹಾಕಿ ರುಜು ಹಾಕಬೇಕು. ಕೇಪು ಬೇರೆ ಕೋಣೆ, ಕಡ್ಡಿ ಬೇರೆ ಕೋಣೆ. ಬೇಸರದ ಕೆಲಸ. ದಿನವೂ ಅದೇ. ಲೆಕ್ಕಕ್ಕೆ ಬಂದ ಮದ್ದನ್ನು ಯಾರೂ ಅರ್ಧರಾತ್ರಿ ಹೊತ್ತುಕೊಂಡು ಓಡಬೇಕಾಗಿಲ್ಲ. ಪುಸ್ತಕಕ್ಕೆ ಬಾರದ ಮದ್ದಿಗೆ ಮಾತ್ರ ಆ ಓಟ.

ಹೊಸ ಕಾಲದ ಸಾಮಾನು ಚೆನ್ನಾಗಿದೆ. ಮಿಂಚು ಗುಡುಗಿಗೆ ಹೆದರಬೇಕಾಗಿದ್ದ ವಿದ್ಯುತ್ ಕೇಪಿನ ಜಾಗಕ್ಕೆ ವಿದ್ಯುತ್ ಬೇಡದ ನೋನೆಲ್ ಕೊಳವೆ ಬಂತು, ಈಗ ಪ್ರತಿಯೊಂದಕ್ಕೂ ನಂಬರ್ ಇರುವ ಎಲೆಕ್ಟ್ರಾನಿಕ್ ಕೇಪು ಬಂದಿದೆ. ಯಾವುದು ಉತ್ತರ ಕೊಡಲಿಲ್ಲ ಅಂತ ಒತ್ತುವ ಮುಂಚೆಯೇ ಪೆಟ್ಟಿಗೆ ಹೇಳುತ್ತದೆ. ನನ್ನ ಬೆರಳೆಣಿಕೆಯ ಕಾಲ ಹೋಯಿತು. ಒಳ್ಳೆಯದೇ ಆಯಿತು.

ಮುಂದಿನ ಸಾಲಿನ ಹುಡುಗಿ ಒಬ್ಬಳು ಕೇಳಿದಳು, 'ಅಂಕಲ್, ನಾವು ಬ್ಲಾಸ್ಟರ್ ಆಗಬಹುದಾ?' ಆಗಬಹುದಮ್ಮ. ಹಗಲು ಹೊತ್ತಿನ ತೆರೆದ ಗಣಿಗೆ ಹೆಂಗಸರಿಗೆ ಕಾನೂನಿನ ಅಡ್ಡಿ ಮೊದಲೂ ಇರಲಿಲ್ಲ. 2019ರಲ್ಲಿ ಕೆಲವು ಷರತ್ತು ಹಾಕಿ ನೆಲದೊಳಗಿನ ಗಣಿಗೂ ಬಿಟ್ಟಿದ್ದಾರೆ. ನೀನು ಎಣಿಕೆಯಲ್ಲಿ ಗಟ್ಟಿಯಾ ಅಂತ ಕೇಳಿದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಅಲ್ಲಿಗೆ ಭಾಷಣ ಮುಗಿಯಿತು. ಕಾಫಿ ಕುಡಿಯುತ್ತಾ ನಿಂತಿದ್ದೆ. ಒಬ್ಬ ಹುಡುಗ ಎಡಗಡೆಯಿಂದ ಬಂದು ಏನೋ ಹೇಳಿದ, ಕೇಳಿಸಲಿಲ್ಲ. ಬಲಗಡೆಗೆ ಕರೆದೆ. 'ನಮ್ಮ ಮನೆ ಅಟ್ಟದಲ್ಲಿ ಒಂದು ಡಬ್ಬ ಇದೆ ಸಾರ್. ಬೆರಳುದ್ದದ ಅಲ್ಯುಮಿನಿಯಂ ಕೊಳವೆ. ಪೆನ್ನಿನ ಕ್ಯಾಪ್ ಥರ. ಚಿಕ್ಕಂದಿನಲ್ಲಿ ಅದರಲ್ಲಿ ಆಡಿದ್ದೀನಿ.' ಕಾಫಿ ಲೋಟ ಕೆಳಗಿಟ್ಟೆ.

ಮುಟ್ಟಬೇಡ, ಅಲ್ಲಾಡಿಸಬೇಡ, ಮನೆಗೆ ಈಗಲೇ ಫೋನ್ ಮಾಡಿ ಅಟ್ಟ ಹತ್ತಬೇಡಿ ಅಂತ ಹೇಳು ಅಂದೆ. ಮೇಷ್ಟ್ರು ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಸಂಜೆ ನಾನೂ ಅವರ ಊರಿಗೆ ಹೋದೆ. ಬಾವಿ ತೋಟದ ಮೂಲೆಯಲ್ಲೇ ಇತ್ತು, ಒಳಗೆ ಮುಳ್ಳುಕಂಟಿ ಬೆಳೆದಿತ್ತು. ಬಾಂಬ್ ನಿಷ್ಕ್ರಿಯ ದಳದವರು ಬರುವ ತನಕ ಮನೆಯವರೆಲ್ಲ ಹುಣಸೆ ಮರದ ಕೆಳಗೆ ಕೂತಿದ್ದರು. ಅವರು ಬಂದು ಡಬ್ಬ ಇಳಿಸಿ ಏಳು ಕೇಪು ಇದೆ ಅಂದರು.

ಹುಡುಗನ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. 'ಏಳೇ' ಅಂದರು. 'ಹತ್ತು ತಂದಿದ್ರು ನಮ್ಮ ಯಜಮಾನ್ರು. ಮೂರು ಬಾವಿಗೆ ಹೋಯ್ತು. ಒಂದೊಂದಾಗಿ ಎಣಿಸಿ ಕೊಟ್ಟೋಳು ನಾನೇ.'